ಹಂಚಿನ ಮನೆ ತಗೊಳ್ಳುವ ಮೊದಲು: ಒಂದು ಮಾಡಿನ ಚರಿತ್ರೆ, ಏಳು ಕಂತಿನಲ್ಲಿ

1/7 🏠 ಹಂಚನ್ನು ಮಗುಚಿ ನೋಡಿ

ಮೊದಲ ಚಿತ್ರದಲ್ಲಿ ಇರುವುದು ಹಳೇ ಹಂಚಿನ ಬೆನ್ನು. ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತ ಅಚ್ಚು, ಜೊತೆಗೆ 1865. ಇದನ್ನು ತೋರಿಸಿ "ಸ್ವಾಮೀ, ನೂರೈವತ್ತು ವರ್ಷದ ಮನೆ" ಅಂತ ರೇಟು ಏರಿಸುವವರಿದ್ದಾರೆ. ನಂಬಬೇಡಿ. ಆ ಇಸವಿ ಕಾರ್ಖಾನೆ ಶುರುವಾದದ್ದು, ಹಂಚು ಸುಟ್ಟದ್ದಲ್ಲ. ಎಷ್ಟೋ ದಶಕಗಳ ನಂತರ ಬಂದ ಹಂಚಿನಲ್ಲೂ ಅದೇ ಇಸವಿ ಇರುತ್ತದೆ.

ಈಚೆಗೆ ಊರಿನಲ್ಲಿ ಹಳೇ ಹಂಚಿನ ಮನೆ ತಗೊಳ್ಳುವವರು ಜಾಸ್ತಿಯಾಗಿದ್ದಾರೆ. ಬೆಂಗಳೂರಿನಿಂದ ವಾಪಸು ಬರುವವರು, ಹೋಮ್‌ಸ್ಟೇ ಮಾಡುವವರು, ಪಾಲಿನಲ್ಲಿ ಬಂದ ಅಜ್ಜನ ಮನೆ ಉಳಿಸಿಕೊಳ್ಳಬೇಕು ಅನ್ನುವವರು. ಅವರೆಲ್ಲರಿಗೂ ಈ ಸರಣಿ. ಚರಿತ್ರೆ ಹೇಳುತ್ತೇನೆ, ಆದರೆ ಸುಮ್ಮನೆ ಅಲ್ಲ. ಮಾಡು ಯಾಕೆ ಹೀಗೆ ಬಂತು ಅಂತ ಗೊತ್ತಾದರೆ ಎಲ್ಲಿ ಸೋರುತ್ತದೆ, ಎಲ್ಲಿ ಮೋಸ ಆಗುತ್ತದೆ, ಎಲ್ಲಿ ಜೀವಕ್ಕೆ ಅಪಾಯ ಅನ್ನುವುದೂ ಗೊತ್ತಾಗುತ್ತದೆ.

2/7 🔥 ಹಂಚಿಗಿಂತ ಮೊದಲು ಹುಲ್ಲು

ಕರಾವಳಿಯಲ್ಲಿ ಹಿಂದೆ ಸಾಮಾನ್ಯರ ಮನೆ ಅಂದರೆ ಮಣ್ಣಿನ ಗೋಡೆ, ಮೇಲೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. ಘಟ್ಟದ ಮೇಲೆ ಅಡಿಕೆ ಸೋಗೆ. ತಂಪಾಗಿರುತ್ತದೆ ನಿಜ. ಆದರೆ ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಹಾಗಾಗಿ ಪ್ರತಿ ಬೇಸಗೆಯಲ್ಲಿ ಮಾಡು ಹೊಸದಾಗಿ ಹೊದೆಸಲೇಬೇಕು. ಹುಲ್ಲು ತರಬೇಕು, ಆಳು ಹಿಡಿಯಬೇಕು, ಊಟ ಹಾಕಬೇಕು. ಒಂದು ವರ್ಷ ತಪ್ಪಿದರೆ ಆಟಿ ತಿಂಗಳಲ್ಲಿ ಇಡೀ ಮನೆ ಪಾತ್ರೆ ಇಟ್ಟುಕೊಂಡು ಕೂರಬೇಕು. ಒಲೆಯ ಒಂದು ಕಿಡಿ ಹಾರಿದರೆ ಮುಗಿಯಿತು.

ನಾಡಹಂಚು ಇತ್ತು. ಕುಂಬಾರರು ತಿಗರಿಯಲ್ಲಿ ಕೊಳವೆ ಮಾಡಿ ಅರ್ಧಕ್ಕೆ ಸೀಳಿದ ಹಂಚು. ಒಂದರ ಮೇಲೊಂದು ಕವುಚಿ ಇಡುವುದು. ಅದಕ್ಕೆ ಕೊಕ್ಕೆ ಇಲ್ಲ, ಹಿಡಿತ ಇಲ್ಲ. ಮಂಗ ಹಾರಿದರೆ, ಬೆಕ್ಕು ಓಡಿದರೆ ಜಾರುತ್ತದೆ. ವರ್ಷವರ್ಷ ಕೈಯಾಡಿಸಬೇಕು.

ಇನ್ನೊಂದು ಮಾತು. ಪಕ್ಕದ ಮಲಬಾರಿನಲ್ಲಿ ದೇವಸ್ಥಾನ, ಅರಮನೆ, ಕೆಲವು ಮೇಲ್ಜಾತಿಯವರ ಮನೆ ಬಿಟ್ಟರೆ ಉಳಿದವರು ಮಾಡಿಗೆ ಹಂಚು ಹಾಕಬೇಕಾದರೆ ಆಳುವವರ ಅಪ್ಪಣೆ ಬೇಕಿತ್ತು. ದುಡ್ಡಿದ್ದರೆ ಸಾಲದು, ಹಕ್ಕೂ ಬೇಕು. ನಮ್ಮ ತಲೆ ಮೇಲಿನ ಮಾಡು ಬರೇ ಮಳೆಯ ವಿಷಯ ಆಗಿರಲಿಲ್ಲ ಮಾರಾಯ್ರೇ.

3/7 🏭 ನೇತ್ರಾವತಿ ದಡದ ಆವೆಮಣ್ಣು

ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಹಂಚು ಹುಟ್ಟಿದ್ದು ಫ್ರಾನ್ಸಿನ ಆಲ್ಸಾಸ್ ಸೀಮೆಯಲ್ಲಿ. ಗಿಲಾರ್ಡೋನಿ ಸೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆಲ್ಸಾಸಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಊರು ತೀರಾ ಹತ್ತಿರ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿಯಿಂದ ಹೊರಗಾಗಿ ಹಳೇ ಕಸುಬು ತಪ್ಪಿದಾಗ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ, ಮುದ್ರಣ ಅಂತ ಕೆಲಸ ಹುಡುಕಿತು. ಮಿಷನ್ನಿನ ಮುದ್ರಣಾಲಯದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ ಅವರ ಕೈಯಲ್ಲಿ 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಶುರುವಾಯಿತು.

ಮಂಗಳೂರೇ ಯಾಕೆ? ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೇ ಆವೆಮಣ್ಣು. ಗೂಡಿಗೆ ಬೇಕಾದ ಸೌದೆ ಹೊಳೆಯಲ್ಲೇ ಬರುತ್ತದೆ. ಸುಟ್ಟ ಹಂಚು ಸಾಗಿಸಲು ಅಳಿವೆಯಲ್ಲಿ ಮಂಜಿಗಳು ಕಾಯುತ್ತಿರುತ್ತವೆ. ಮೂರೂ ಒಂದೇ ಕಡೆ ಸಿಕ್ಕಿತು. ಬೇಗನೇ ಊರಿನ ಉದ್ಯಮಿಗಳೂ ಕಾರ್ಖಾನೆ ಹಾಕಿದರು. ಮಲ್ಪೆ, ಕಲ್ಲಿಕೋಟೆ, ಫೆರೋಕ್, ಪಾಲಕ್ಕಾಡ್ ತನಕ ಹೊಗೆ ಕೊಳವೆಗಳು ಎದ್ದವು. ಮುಂಬೈಗೂ ಸಿಲೋನಿಗೂ ಪೂರ್ವ ಆಫ್ರಿಕಾಕ್ಕೂ ಹಂಚು ಹೋಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ಮಣ್ಣು ಹೊತ್ತವರು, ಹಸಿ ಹಂಚು ಅಟ್ಟಕ್ಕೆ ಜೋಡಿಸಿದವರು, ಗೂಡಿನ ಬಿಸಿಯಲ್ಲಿ ನಿಂತವರು ಊರಿನ ಗಂಡಸರು ಹೆಂಗಸರು. ಮಂಗಳೂರಿನ ಕಾರ್ಮಿಕ ಸಂಘಗಳು ಬೆಳೆದದ್ದು ಈ ಹಂಚಿನ, ಬೀಡಿಯ, ಗೇರುಬೀಜದ ಕೆಲಸದವರಿಂದ. ಹಂಚಿನ ಬೆನ್ನಿನಲ್ಲಿ ಅವರ ಹೆಸರಿಲ್ಲ, ಕಂಪನಿ ಹೆಸರು ಮಾತ್ರ ಉಂಟು.

4/7 📜 ಮಾಡಿಗಿಂತ ಮೊದಲು ನೆಲ

ಹಂಚಿನ ಕಾರ್ಖಾನೆ ಬಂದು ನೂರು ವರ್ಷ ಆದರೂ ಎಷ್ಟೋ ಒಕ್ಕಲುಗಳ ಮನೆಗೆ ಹುಲ್ಲೇ ಇತ್ತು. ಯಾಕೆ? ಚಾಲಗೇಣಿಯವನಿಗೆ ಜಾಗದ ಮೇಲೆ ಗ್ಯಾರಂಟಿ ಇಲ್ಲ. ನಾಳೆ ಧಣಿ ಏಳು ಅಂದರೆ ಏಳಬೇಕಾದವನು ಪಕ್ಕಾಸು, ಹಂಚಿಗೆ ಸಾಲ ಮಾಡುವುದು ಹೇಗೆ? 1974ರ ಮಾರ್ಚ್ 1ರಿಂದ ಜಾರಿಯಾದ ದೇವರಾಜ ಅರಸರ ಕಾಲದ ಭೂಸುಧಾರಣೆ ಇದನ್ನು ಬದಲಿಸಿತು. ಡಿಕ್ಲರೇಷನ್ ಕೊಟ್ಟು ಭೂನ್ಯಾಯಮಂಡಳಿಯಲ್ಲಿ ಜಾಗ ಪಡೆದವರು ಮಣ್ಣಿನ ಗೋಡೆಯ ಮೇಲೆ ಧೈರ್ಯವಾಗಿ ಹಂಚು ಏರಿಸಿದರು. ನೆಲ ನಮ್ಮದಾದರೆ ಮಾತ್ರ ಮಾಡು ನಿಲ್ಲುತ್ತದೆ.

ಇದು ನಿಮಗೂ ಅನ್ವಯ. ಮನೆ ಚಂದ ಉಂಟು ಅಂತ ಅಡ್ವಾನ್ಸ್ ಕೊಡುವ ಮೊದಲು ಕೇಳಿ:

▪️ ಜಾಗ ವರ್ಗವೋ, ಮೂಲಗೇಣಿಯೋ? ಮೂಲಗೇಣಿ ಅಂದರೆ ಮೂಲದವರ ಹಕ್ಕು ಇನ್ನೂ ಎಲ್ಲೋ ಉಂಟು. ದಾಖಲೆ ವಕೀಲರ ಕೈಗೆ ಕೊಟ್ಟು ಓದಿಸಿ.
▪️ "ಆ ಗುಡ್ಡದ ತನಕ ನಮ್ಮದೇ" ಅಂತ ತೋರಿಸುವ ಜಾಗ ಕುಮ್ಕಿಯಾಗಿರಬಹುದು. ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗ ಅದು. ಸೊಪ್ಪು ಸೌದೆಯ ಸೌಲಭ್ಯ ಇರಬಹುದು, ಮಾರುವ ಹಕ್ಕಿಲ್ಲ. ಅದಕ್ಕೆ ದುಡ್ಡು ಕೊಡಬೇಡಿ.
▪️ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಸರಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. 1978ರ ಕಾನೂನು.
▪️ ಪಹಣಿ, ಋಣಭಾರ ಪತ್ರ, ಕನ್ವರ್ಷನ್, ಮನೆ ತೆರಿಗೆ ರಶೀದಿ ಇಷ್ಟೂ ನೋಡಿ. ಕುಟುಂಬದ ಪಾಲುದಾರರು ಎಲ್ಲರೂ ಸಹಿ ಹಾಕುತ್ತಾರಾ ಕೇಳಿ. ಮುಂಬೈಯಲ್ಲಿರುವ ಅತ್ತೆಯನ್ನು ಮರೆತು ರಿಜಿಸ್ಟ್ರಿ ಮಾಡಿದರೆ ಆಮೇಲೆ ಕೋರ್ಟು.
▪️ ಹೊಳೆ ಹತ್ತಿರವಾದರೆ ನೆರೆ ಎಲ್ಲಿ ತನಕ ಬಂದಿತ್ತು ಅಂತ ಪಕ್ಕದ ಮನೆಯ ಹಿರಿಯರನ್ನು ಕೇಳಿ. ನೇತ್ರಾವತಿಯ 1923ರ ನೆರೆ, 1974ರ ನೆರೆ ಬಂಟ್ವಾಳದ ಕಡೆ ಇವತ್ತಿಗೂ ಬಾಯಲ್ಲಿ ಉಂಟು. ಮಣ್ಣಿನ ಗೋಡೆ ನೀರಿನಲ್ಲಿ ನಿಲ್ಲುವುದಿಲ್ಲ.

5/7 🪵 ನಾಲ್ಕು ಟನ್ ತಲೆ ಮೇಲೆ

ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. 100 ಚದರ ಮೀಟರ್ ಮಾಡಿಗೆ 1,500. ಒಂದು ಹಂಚು ಎರಡೂವರೆ ಕೆಜಿ ಅಂತ ಹಿಡಿದರೂ ನಾಲ್ಕು ಟನ್ನಿನ ಹತ್ತಿರ. ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಭಾರ. ಇಷ್ಟನ್ನೂ ಹೊರುವುದು ರೀಪು, ಪಕ್ಕಾಸು, ಅಡ್ಡ. ಅದಕ್ಕೇ ಮನೆ ನೋಡಲು ಹೋದಾಗ ಹಂಚಿನ ಬಣ್ಣ ನೋಡಬೇಡಿ, ಮರ ನೋಡಿ.

ದೂರ ನಿಂತು ಕೋಡಿನ ಗೆರೆ ನೋಡಿ. ನೇರ ಇದ್ದರೆ ಒಳ್ಳೇದು. ನಡುವೆ ತೂಗುಯ್ಯಾಲೆ ಹಾಗೆ ಬಗ್ಗಿದ್ದರೆ ಕೆಳಗಿನ ಮರ ಸೋತಿದೆ. ಒಳಗೆ ಟಾರ್ಚ್ ಹಿಡಿದು ಪಕ್ಕಾಸಿನ ತುದಿ, ಅಂದರೆ ಗೋಡೆ ಮೇಲೆ ಕೂರುವ ಜಾಗ ನೋಡಿ. ಮರ ಕೆಡುವುದು ಹೆಚ್ಚಾಗಿ ಅಲ್ಲಿಂದ. ಸ್ಕ್ರೂ ಡ್ರೈವರಿನಿಂದ ಚುಚ್ಚಿ. ಕಿರಾಲ್‌ಬೋಗಿ, ಹಲಸು ಒಳ್ಳೇ ಸ್ಥಿತಿಯಲ್ಲಿದ್ದರೆ ತುದಿ ಒಳಗೆ ಹೋಗುವುದಿಲ್ಲ. ಬೆಣ್ಣೆಗೆ ಹೋದ ಹಾಗೆ ಹೋದರೆ ಒರಲೆ ಊಟ ಮುಗಿಸಿದೆ ಅಂತ ಅರ್ಥ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ದಾರಿ ಕಂಡರೆ ಅದು ಅದೇ.

"ಹಂಚು ತೆಗೆದು ಶೀಟು ಹಾಕಿ, ಹಗುರ ಆಗ್ತದೆ" ಅಂತ ಸಲಹೆ ಕೊಡುವವರು ಸಿಗುತ್ತಾರೆ. ಹಗುರ ಹೌದು. ಆದರೆ ಆ ಭಾರವೇ ಗಾಳಿಗೆ ಮಾಡನ್ನು ಹಿಡಿದು ನಿಲ್ಲಿಸುತ್ತಿತ್ತು. ಶೀಟು ಹಾಕುವುದಾದರೆ ಚೌಕಟ್ಟನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಯಲೇಬೇಕು, ಇಲ್ಲದಿದ್ದರೆ ಮೇ ತಿಂಗಳ ಗಾಳಿಗೆ ಶೀಟು ಪಕ್ಕದ ತೋಟದಲ್ಲಿ. ಹಳೇ ಕೊಟ್ಟಿಗೆಗೆ ಆಸ್ಬೆಸ್ಟಾಸ್ ಶೀಟಿದ್ದರೆ ಅದನ್ನು ಒಡೆಯಬೇಡಿ, ಕೊರೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ವಿಷ.

6/7 🌧️ ವರ್ಷಕ್ಕೊಮ್ಮೆ ಕೈಯಾಡಿಸುವುದು

ಹಿರಿಯರು ಹಂಚು ಕೈಯಾಡಿಸುತ್ತಿದ್ದದ್ದು ಮಳೆಗಾಲದ ಮೊದಲು, ಒಣ ದಿನದಲ್ಲಿ. ಈಗ ನಾವು ಜೂನಿನಲ್ಲಿ ಹಾಸಿಗೆ ಮೇಲೆ ನೀರು ಬಿದ್ದ ಮೇಲೆ ಜನ ಹುಡುಕುತ್ತೇವೆ. ಇದೇ ದೊಡ್ಡ ಅಪಾಯ. ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಕಾಲು ನಿಲ್ಲುವುದಿಲ್ಲ.

▪️ ಮಾರ್ಚ್, ಏಪ್ರಿಲಿನಲ್ಲಿ ತರಗೆಲೆ ತೆಗೆಸಿ. ಎರಡು ಮಾಡು ಕೂಡುವ ಮೂಲೆಯ ತಗಡು ಮುಖ್ಯ. ಮಾಡು ಸೋರಿದರೆ ಮೊದಲು ಅಲ್ಲೇ ನೋಡಿ.
▪️ ಪಾಚಿಯನ್ನು ಒಣಗಿದಾಗ ಬ್ರಷ್‌ನಿಂದ ಉಜ್ಜಿ. ಜೋರು ಒತ್ತಡದ ನೀರು ಬಿಟ್ಟರೆ ಹಂಚಿನ ಮೈ ಸವೆಯುತ್ತದೆ, ಸಂದಿಗೆ ನೀರು ನುಗ್ಗುತ್ತದೆ.
▪️ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಕೊಕ್ಕೆಗೆ ಸರಿಯಾಗಿ ಕೂರುವುದಿಲ್ಲ. ಬೆನ್ನಿನ ಹೆಸರು ಓದಿ ಅದೇ ಅಚ್ಚಿನದು ಹುಡುಕಿ. ಕಾರ್ಖಾನೆಗಳು ಒಂದೊಂದೇ ಮುಚ್ಚಿವೆ, ಹಾಗಾಗಿ ಮನೆ ಕೆಡಹುವ ಕಡೆ ಸಿಕ್ಕಿದರೆ ಐವತ್ತಾದರೂ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿಡಿ.
▪️ ಹಳೇ ಹಂಚು ತಗೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅನ್ನಬೇಕು. ಮಂಕು ಸದ್ದು ಬಂದರೆ ಬಿರುಕುಂಟು. ಅನುಮಾನ ಇದ್ದರೆ ಒಣ ಹಂಚು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ಐದನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ಏರಿದರೆ ಅದು ಬೇಡ.
▪️ ಅಡಿಗೆ ಮನೆ ಕತ್ತಲು ಅಂತ ಟ್ಯೂಬ್‌ಲೈಟ್ ಹಾಕುವ ಮೊದಲು ಎರಡು ಗಾಜಿನ ಹಂಚು ಹಾಕಿ ನೋಡಿ.

7/7 ⚠️ ಮನೆ ಉಳಿಯಬೇಕು, ಮನುಷ್ಯನೂ

ಹಂಚಿನ ಮೇಲೆ ನೇರ ಹೆಜ್ಜೆ ಇಡಬಾರದು. ಪಕ್ಕಾಸುಗಳಿಗೆ ಅಡ್ಡಲಾಗಿ ಹಲಗೆ ಅಥವಾ ಮರದ ಏಣಿ ಮಲಗಿಸಿ, ಕೋಡಿಗೆ ಕಟ್ಟಿ, ಅದರ ಮೇಲೆ ಹೋಗಬೇಕು. ನೆಲದ ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ಹೊರಗೆ ಇರಲಿ, ಕೆಳಗೆ ಒಬ್ಬರು ಹಿಡಿದುಕೊಳ್ಳಲಿ. ಒಂದೆರಡು ಒಡೆದ ಹಂಚಾದರೆ ಒಳಗಿನಿಂದಲೇ ಎತ್ತಿ ಬದಲಿಸಬಹುದು, ಮೇಲೆ ಹತ್ತುವ ಅಗತ್ಯವೇ ಇಲ್ಲ. ಕೆಲಸಕ್ಕೆ ಬಂದವರಿಗೆ ಹಗ್ಗ ಕೊಡಿ. "ಅವರಿಗೆ ಅಭ್ಯಾಸ ಉಂಟು" ಅನ್ನಬೇಡಿ. ಅಭ್ಯಾಸ ಇದ್ದವರೂ ಬೀಳುತ್ತಾರೆ, ಬಿದ್ದ ಮೇಲೆ ಮಲಗುವುದು ಅವರ ಇಡೀ ಸಂಸಾರ.

ಹಂಚು ಬೆಂಕಿಯನ್ನು ಹೊರಗಿಟ್ಟಿತು ನಿಜ, ಆದರೆ ಮುಚ್ಚಿಗೆಯ ಮೇಲೆ ನಾವು ಒಣ ಮಡಲು, ಹಳೇ ಪೇಪರು ತುಂಬಿಟ್ಟು ಅದನ್ನು ಮತ್ತೆ ಒಳಗೆ ಕರೆಯುತ್ತೇವೆ. ಅಲ್ಲೇ ಹಳೇ ಬಟ್ಟೆ ಸುತ್ತಿದ ವಯರು, ಅದನ್ನು ಇಲಿ ಕಡಿದಿರುತ್ತದೆ. ಮನೆ ತಗೊಂಡ ಮೊದಲ ತಿಂಗಳು ಸೋಫಾ ಬೇಡ, ವಯರಿಂಗ್ ಹೊಸದು ಮಾಡಿಸಿ. ಪೈಪಿನೊಳಗೆ ಹಾಕಿಸಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕೂರಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸೋರುವ ಮಾಡು, ಹಳೇ ವಯರು ಎರಡೂ ಒಂದೇ ಗೋಡೆಯಲ್ಲಿ ಇರಬಾರದು.

ಹಂಚಿನ ಮನೆ ಅಗ್ಗ ಅಲ್ಲ, ಸೋಮಾರಿಗಳ ಮನೆಯಂತೂ ಅಲ್ಲ. ವರ್ಷಕ್ಕೊಮ್ಮೆ ನಿಮ್ಮ ಗಮನ ಕೇಳುತ್ತದೆ. ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ಒಡೆದ ಹಂಚು ಮಾತ್ರ ಬದಲಾಗುತ್ತದೆ. ಟೆರೇಸಿನಲ್ಲಿ ಹೀಗೆ ಒಂದೊಂದೇ ತುಂಡು ಬದಲಿಸುವುದಕ್ಕೆ ಆಗುವುದಿಲ್ಲ.

ನಿಮ್ಮ ಮನೆ ಹಂಚಿನ ಬೆನ್ನಲ್ಲಿ ಯಾವ ಕಾರ್ಖಾನೆಯ ಹೆಸರುಂಟು? ಕೆಳಗೆ ಬಿದ್ದಿರುವ ಒಂದನ್ನು ಮಗುಚಿ, ಫೋಟೋ ತೆಗೆದು ಟ್ಯಾಗ್ ಮಾಡಿ. ಫೋಟೋಕ್ಕೋಸ್ಕರ ಮಾಡು ಹತ್ತಬೇಡಿ ಮತ್ತೆ! 🙏

#ಹಂಚಿನಮನೆ #ಮಂಗಳೂರುಹಂಚು #ಊರಮನೆ #ಕರಾವಳಿ #ಮನೆಚರಿತ್ರೆ