ಹೆಸರಿಡುವುದು, ಹೆಸರು ಮರೆಸುವುದು: ಕೊಯಮತ್ತೂರು ಸೀಮೆಯ ನೂಲಿನ ಗಿರಣಿಗಳು ಮತ್ತು ಜನಪರ ಸಂಶೋಧನೆ

‘ಸುಮಂಗಲಿ’ ಎಂಬ ಪದ ಕನ್ನಡಕ್ಕೂ ತಮಿಳಿಗೂ ಸಮಾನವಾದುದು. ಅರಿಶಿನ, ಕುಂಕುಮ, ತಾಳಿಗಳ ಮಂಗಳಭಾವವನ್ನು ಹೊತ್ತ ಈ ಪದ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕಳೆದ ಶತಮಾನದ ಕೊನೆಯ ವರ್ಷಗಳಿಂದೀಚೆಗೆ ಕೂಲಿಯ ಒಂದು ಕರಾರಿನ ಹೆಸರೂ ಆಯಿತು. ಆ ಕರಾರಿನ ಒಳಗನ್ನು ಹೊರಜಗತ್ತಿಗೆ ತೋರಿಸಿದವರು ಕಂಪನಿಗಳನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ಸಂಶೋಧನಾ ಗುಂಪುಗಳು. ಅವುಗಳ ಕೆಲಸದ ಚರಿತ್ರೆ ಒಂದರ್ಥದಲ್ಲಿ ಹೆಸರುಗಳ ಚರಿತ್ರೆಯೇ ಆಗಿದೆ.

ಕೊಯಮತ್ತೂರಿನ ಮೊದಲ ನೂಲಿನ ಗಿರಣಿ 1888ರಲ್ಲಿ ಸ್ಥಾಪನೆಗೊಂಡಿತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ದೊರೆತ ಮೇಲೆ ಗಿರಣಿಗಳು ವೇಗವಾಗಿ ಹೆಚ್ಚಿದವು. ಮೇಟುಪಾಳ್ಯದ ಹಾದಿಯಲ್ಲಿರುವ ಕಾರಮಡೈಯಂಥ ಊರುಗಳ ಸುತ್ತ, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳ ನಡುವೆಯೇ, ಕೃಷಿ ಮತ್ತು ಕೈಮಗ್ಗದ ಬದುಕಿಗೆ ಗಿರಣಿಯ ಬದುಕು ಸೇರಿಕೊಂಡಿತು. ಮುಂದೆ ತಿರುಪ್ಪೂರಿನ ಹೆಣೆದ ಉಡುಪುಗಳು ಯುರೋಪ್ ಮತ್ತು ಅಮೆರಿಕದ ಅಂಗಡಿಗಳನ್ನು ತಲುಪಿದಾಗ ನೂಲಿಗೆ ಬೇಡಿಕೆ ಏರಿತು. ಸಂಘಟಿತ ಗಂಡಾಳುಗಳ ಜಾಗಕ್ಕೆ ಹಾಸ್ಟೆಲಿನಲ್ಲಿ ಇರಿಸಬಹುದಾದ ಎಳೆಯ ಹೆಣ್ಣುಮಕ್ಕಳನ್ನು ತರುವ ಪದ್ಧತಿ ಬೆಳೆದದ್ದು ಈ ಹಿನ್ನೆಲೆಯಲ್ಲಿ.

ಕರಾರು ಸರಳವಾಗಿತ್ತು. ದಕ್ಷಿಣದ ಬಡ ಜಿಲ್ಲೆಗಳಿಂದ ಬಂದ ಹುಡುಗಿ ಸುಮಾರು ಮೂರು ವರ್ಷ ಗಿರಣಿಯ ಆವರಣದಲ್ಲೇ ಇದ್ದು ದುಡಿಯಬೇಕು. ಅವಧಿ ಮುಗಿದ ಮೇಲೆ ಹಲವು ಹತ್ತು ಸಾವಿರ ರೂಪಾಯಿಗಳ ಇಡಿಗಂಟು ಕೈಸೇರುತ್ತದೆ, ಅದು ಮದುವೆಗಾಗುತ್ತದೆ. ‘ಸುಮಂಗಲಿ ತಿಟ್ಟಂ’, ‘ತಿರುಮಗಳ್ ತಿರುಮಣ ತಿಟ್ಟಂ’ ಎಂಬ ಹೆಸರುಗಳು ಹುಟ್ಟಿದ್ದು ಹೀಗೆ. ವರದಕ್ಷಿಣೆಯನ್ನು 1961ರ ಕಾಯಿದೆಯೇ ನಿಷೇಧಿಸಿದ್ದರೂ ಅದರ ಭಯವೇ ಇಲ್ಲಿ ಕೂಲಿಯಾಳನ್ನು ಒದಗಿಸಿತು. ಆ ಇಡಿಗಂಟು ಬಹುಮಟ್ಟಿಗೆ ಅವಳದೇ ತಡೆಹಿಡಿದ ಕೂಲಿ. ಕಾಯಿಲೆ ಬಿದ್ದು ನಡುವೆ ಮನೆಗೆ ಮರಳಿದವಳು ಅದನ್ನು ಕಳೆದುಕೊಳ್ಳುವ ಅಪಾಯವಿತ್ತು.

ಕಂಪನಿಗಳನ್ನು ಜನಚಳವಳಿಯ ಪರವಾಗಿ ಶೋಧಿಸುವ ಪರಂಪರೆ ಇದಕ್ಕಿಂತ ಹಿಂದಿನದು. 1966ರಲ್ಲಿ ಅಮೆರಿಕದಲ್ಲಿ ‘ನ್ಯಾಕ್ಲಾ’, 1973ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಸೋಮೊ’, 1996ರಲ್ಲಿ ಇಂಗ್ಲೆಂಡಿನಲ್ಲಿ ‘ಕಾರ್ಪೊರೇಟ್ ವಾಚ್’ ಹುಟ್ಟಿದವು. ಉಡುಪು ಉದ್ಯಮವನ್ನೇ ಕೇಂದ್ರವಾಗಿಸಿಕೊಂಡ ‘ಕ್ಲೀನ್ ಕ್ಲೋದ್ಸ್ ಕ್ಯಾಂಪೇನ್’ 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 2000ದಲ್ಲಿ ಸ್ಥಾಪನೆಗೊಂಡ ‘ಸಿವಿಡೆಪ್’ ಇದೇ ಮಾದರಿಯನ್ನು ಗಾರ್ಮೆಂಟ್ಸ್ ಕಾರ್ಮಿಕರ ನಡುವೆ ಬೆಳೆಸಿತು. ಇವುಗಳ ವಿಧಾನಕ್ಕೆ ಎರಡು ಕಾಲುಗಳು. ಒಂದು, ಕಡತ: ವಾರ್ಷಿಕ ವರದಿ, ಗ್ರಾಹಕರ ಪಟ್ಟಿ, ರಫ್ತಿನ ದಾಖಲೆ. ಇನ್ನೊಂದು, ಬಾಯಿಮಾತು: ಕಾರ್ಖಾನೆಯ ಗೇಟಿನಾಚೆ, ರಜೆಗೆ ಬಂದವಳ ಮನೆಯಂಗಳದಲ್ಲಿ ಕೇಳಿದ ಮಾತು. ಕಡತವಿಲ್ಲದ ಬಾಯಿಮಾತು ದೂರಾಗಿ ಉಳಿಯುತ್ತದೆ. ಬಾಯಿಮಾತಿಲ್ಲದ ಕಡತ ವ್ಯಾಪಾರದ ಲೆಕ್ಕವಾಗಿ ಉಳಿಯುತ್ತದೆ.

ಇಂಥ ಕೆಲಸಕ್ಕೆ ತೆರಬೇಕಾದ ಬೆಲೆಯನ್ನು ಬೆಂಗಳೂರು ಮೊದಲೇ ಕಂಡಿತ್ತು. ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಜೀನ್ಸ್ ತಯಾರಿಕಾ ಕಂಪನಿಯಲ್ಲಿನ ದುಡಿಮೆಯ ಸ್ಥಿತಿಯ ಕುರಿತ ಆರೋಪಗಳನ್ನು ಕಂಪನಿ ನಿರಾಕರಿಸಿತು. 2006ರಲ್ಲಿ ಅದು ‘ಸಿವಿಡೆಪ್’, ಮಹಿಳಾ ಸಂಘಟನೆ ‘ಮುನ್ನಡೆ’ ಮತ್ತು ಕಾರ್ಮಿಕ ಸಂಘಗಳ ವಿರುದ್ಧ, ಈ ಮಾಹಿತಿಯನ್ನು ಹೊರಗೆ ಹಂಚದಂತೆ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಿತು. ಮರುವರ್ಷ ಡಚ್ ಸಂಘಟನೆಗಳ ಮೇಲೂ ಮಾನನಷ್ಟದ ಕ್ರಿಮಿನಲ್ ಮೊಕದ್ದಮೆ ನಡೆಯಿತು. 2008ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಅವರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಗಿ ಮೊಕದ್ದಮೆಗಳು ಕೊನೆಗೊಂಡವು. ಈ ಪ್ರಕರಣದಲ್ಲಿ ಕಾರ್ಖಾನೆಯ ಸ್ಥಿತಿಯಷ್ಟೇ ಮುಖ್ಯವಾಗಿ ಚರ್ಚೆಗೊಳಗಾದದ್ದು, ಅದರ ಬಗ್ಗೆ ಮಾತನಾಡುವ ಹಕ್ಕು.

ಈ ಅನುಭವದ ನಂತರ, 2011ರ ಮೇ ತಿಂಗಳಲ್ಲಿ, ‘ಸೋಮೊ’ ಮತ್ತು ‘ಇಂಡಿಯಾ ಕಮಿಟಿ ಆಫ್ ದ ನೆದರ್ಲೆಂಡ್ಸ್’ ಜೊತೆಗೂಡಿ ‘ಕ್ಯಾಪ್ಚರ್ಡ್ ಬೈ ಕಾಟನ್’ ಎಂಬ ವರದಿಯನ್ನು ಪ್ರಕಟಿಸಿದವು. 2012ರಲ್ಲಿ ‘ಮೇಡ್ ಇನ್ ಇಂಡಿಯಾ’, 2014ರಲ್ಲಿ ಐದು ನೂಲಿನ ಗಿರಣಿಗಳನ್ನು ಕುರಿತ ‘ಫ್ಲಾಡ್ ಫ್ಯಾಬ್ರಿಕ್ಸ್’ ಬಂದವು. ಗಿರಣಿಯ ಹೆಸರು, ಅದರ ನೂಲು ಸೇರುವ ಉಡುಪಿನ ಕಾರ್ಖಾನೆಯ ಹೆಸರು, ಆ ಉಡುಪನ್ನು ಮಾರುವ ಬ್ರ್ಯಾಂಡಿನ ಹೆಸರು ಇವನ್ನು ಒಂದೇ ಎಳೆಯಲ್ಲಿ ಪೋಣಿಸಿದ್ದೇ ಈ ವರದಿಗಳ ಬಲ. ಕೆಲವರ ತಪ್ಪನ್ನು ಇಡೀ ಉದ್ಯಮದ ಮೇಲೆ ಹೊರಿಸಲಾಗಿದೆ ಎಂದು ಮಾಲೀಕರ ಕಡೆಯಿಂದ ಆಕ್ಷೇಪ ಬಂದಿತು. ಕೊಳ್ಳುವವರು ಬೇಡಿಕೆ ನಿಲ್ಲಿಸಿದರೆ ಮೊದಲು ಬೀದಿಗೆ ಬೀಳುವವಳು ಅದೇ ಹುಡುಗಿ ಎಂಬ ಆತಂಕವೂ ಸುಳ್ಳಲ್ಲ. ಆದ್ದರಿಂದಲೇ ಇಂಥ ಗುಂಪುಗಳು ಬಿಟ್ಟುಹೋಗಿರೆಂದು ಬ್ರ್ಯಾಂಡುಗಳಿಗೆ ಹೇಳದೆ, ಉಳಿದು ಸರಿಪಡಿಸಿರೆಂದು ಒತ್ತಾಯಿಸಿದವು.

ಹೆಸರುಗಳ ಮೂರು ಚಲನೆಗಳನ್ನು ಇಲ್ಲಿ ಗುರುತಿಸಬಹುದು. ಕಂಪನಿಯ ಹೆಸರು ಬಯಲಾಗುತ್ತದೆ, ಏಕೆಂದರೆ ಹೊಣೆ ನಿಲ್ಲುವುದು ಅಲ್ಲಿ. ಹುಡುಗಿಯ ಹೆಸರು ಮರೆಯಾಗುತ್ತದೆ, ಏಕೆಂದರೆ ಅವಳು ನಾಳೆ ಮರಳಬೇಕಾದದ್ದು ಅದೇ ಹಾಸ್ಟೆಲಿಗೆ. ಟೀಕೆ ಹೆಚ್ಚಿದಂತೆ ಯೋಜನೆಯ ಹೆಸರೂ ಬದಲಾಗುತ್ತದೆ: ‘ಸುಮಂಗಲಿ’ ಹಿಂದೆ ಸರಿದು ‘ಕ್ಯಾಂಪ್ ಕೂಲಿ’ ಮುಂತಾದ ನಿರ್ವಿಕಾರ ಪದಗಳು ಬರುತ್ತವೆ, ಹಾಸ್ಟೆಲಿನ ಗೇಟು ಮಾತ್ರ ಮೊದಲಿನಂತೆಯೇ ಮುಚ್ಚಿರುತ್ತದೆ. ಹೆಸರಿನ ಬೆನ್ನು ಹತ್ತಿದ ಸಂಶೋಧನೆ ಇಲ್ಲಿ ದಾರಿ ತಪ್ಪಬಹುದು. ಕರಾರಿನ ಬೆನ್ನು ಹತ್ತಿದುದು ತಪ್ಪುವುದಿಲ್ಲ.

ಭಾಷೆಯ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ತಮಿಳಿನಲ್ಲಿ ನುಡಿದ ಸಾಕ್ಷ್ಯ ಇಂಗ್ಲಿಷಿನ ವರದಿಯಾಗುವಾಗ ‘ಸುಮಂಗಲಿ’ಗೆ ‘ಸುಖೀ ವಿವಾಹಿತೆ’ ಎಂಬ ವಿವರಣೆ ಬೇಕಾಯಿತು. ಆ ವಿವರಣೆಯಲ್ಲಿ ಅರ್ಥ ಉಳಿಯಿತು, ಆದರೆ ಪದದೊಳಗಿನ ಒತ್ತಡ ಕಾಣೆಯಾಯಿತು. ಸುಮಂಗಲಿಯಾಗದ ಹೆಣ್ಣಿಗೆ ಊರು ಕೊಡುವ ಸ್ಥಾನ ಯಾವುದೆಂಬುದು ಆ ಪದವನ್ನು ಮನೆಯಲ್ಲೇ ಕೇಳಿ ಬೆಳೆದವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ, ಮತ್ತು ಕರಾರು ಅವಲಂಬಿಸಿದ್ದು ಆ ತಿಳಿವಳಿಕೆಯನ್ನೇ. ಕಾರಮಡೈಯ ದ್ವಿಭಾಷಿಕ ಮನೆಗಳಲ್ಲಿ ಈ ಪದ ಎರಡು ನುಡಿಗಳಲ್ಲೂ ಅದೇ ಭಾರದಿಂದ ಬಳಕೆಯಲ್ಲಿದೆ. ಕಡತ ಓದುವ ಕಣ್ಣು ಆಮ್‌ಸ್ಟರ್‌ಡ್ಯಾಮಿನಲ್ಲಿ ಇರಬಹುದು. ಆ ಭಾರವನ್ನು ಕೇಳಬಲ್ಲ ಕಿವಿ ಇರುವುದು ಇಲ್ಲಿ.