ಕೊಳ್ಳೇಗಾಲದ ಸೀಮೆಯಲ್ಲಿ ನೆಲ-ಮಳೆಗಳ ಸಂಜ್ಞೆಗಳು

ಗ್ರಂಥಾರಂಭದಲ್ಲಿಯೇ ಸಂಜ್ಞೆಗಳನ್ನು ವಿಧಿಸುವುದು ಶಾಸ್ತ್ರಕಾರರ ರೂಢಿ. ಲೋಕದಲ್ಲಿ 'ವೃದ್ಧಿ' ಎಂದರೆ ಬೆಳೆವಣಿಗೆ. ಪಾಣಿನಿಯ ಶಾಸ್ತ್ರದಲ್ಲಾದರೋ ಅದು ಆ, ಐ, ಔ ಎಂಬ ಮೂರು ಸ್ವರಗಳಿಗೆ ಹೆಸರು. ವೈಯಾಕರಣರ ಈ ಎಚ್ಚರವು ಕಂದಾಯದ ದಫ್ತರುಗಳಲ್ಲಿಯೂ ಇದ್ದಿದ್ದರೆ ಕೊಳ್ಳೇಗಾಲದ ಸೀಮೆಯ ಭೂಚರಿತ್ರೆಯನ್ನು ಶೋಧಿಸುವವರ ಶ್ರಮವು ಅರ್ಧವಾಗುತ್ತಿದ್ದಿತು.

1799ರಲ್ಲಿ ಟಿಪ್ಪುವಿನ ಪತನಾನಂತರ ಕೊಳ್ಳೇಗಾಲವು ಇಂಗ್ಲಿಷ್ ಕಂಪೆನಿಯ ವಶವಾಗಿ, 1956ನೆಯ ನವೆಂಬರು 1ರಂದು ಮೈಸೂರಿಗೆ ಸೇರುವವರೆಗೂ ಕೊಯಮತ್ತೂರು ಜಿಲ್ಲೆಯ ಅಂಗವಾಗಿದ್ದಿತು. ನೆರೆಯ ಯಳಂದೂರು 1807ರಲ್ಲಿ ಪೂರ್ಣಯ್ಯನವರಿಗೆ ಜಾಗೀರಾಗಿ ದೊರೆತು ಮೈಸೂರು ರಾಜ್ಯದಲ್ಲಿಯೇ ಉಳಿಯಿತು. ಆದುದರಿಂದ ಕಾವೇರೀತೀರದ ಮುಳ್ಳೂರಿನ ಗದ್ದೆ ಒಂದು ದಫ್ತರಿನಲ್ಲಿ 'ನಂಜೆ'. ಕೆಲವು ಹರದಾರಿ ಆಚೆಯ ಯಳಂದೂರಿನ ಗದ್ದೆ ಇನ್ನೊಂದರಲ್ಲಿ 'ತರಿ'. ಇಲ್ಲಿಯ ಬೆದ್ದಲು 'ಪುಂಜೆ', ಅಲ್ಲಿಯದು 'ಖುಷ್ಕಿ'. ಇಲ್ಲಿ ಎಕರೆಗೆ 100 ಸೆಂಟು, ಅಲ್ಲಿ 40 ಗುಂಟೆ. ಇಷ್ಟಾದರೆ ಬಾಧೆಯಿಲ್ಲ, ಒಂದು ಗುಂಟೆಗೆ ಎರಡೂವರೆ ಸೆಂಟೆಂದು ಬಾಲಕನೂ ಗುಣಿಸಬಲ್ಲನು.

ತೊಡಕಿರುವುದು ಬಾವಿಯ ತೋಟದಲ್ಲಿ. 1863ರಿಂದ ಮೊದಲಾದ ಮೈಸೂರಿನ ಮೋಜಣಿಯಲ್ಲಿ ಖುಷ್ಕಿ, ತರಿಗಳಲ್ಲದೆ 'ಬಾಗಾಯ್ತು' ಎಂಬ ಮೂರನೆಯ ವರ್ಗವುಂಟು. ಮದರಾಸಿನ ರಯತವಾರಿ ಪದ್ಧತಿಯಲ್ಲಿ ರೈತನು ಸ್ವಂತ ಖರ್ಚಿನಿಂದ ತೋಡಿದ ಬಾವಿಯ ನೀರಿಗೆ ಕಂದಾಯ ಹೆಚ್ಚಿಸಬಾರದೆಂಬ ನ್ಯಾಯದಿಂದ ಅಂತಹ ನೆಲಕ್ಕೂ ಪುಂಜೆಯ ದರವನ್ನೇ ಹಾಕುತ್ತಿದ್ದರು. ನ್ಯಾಯವು ಶ್ಲಾಘ್ಯವೇ, ಆದರೆ ಫಲವಾಗಿ ಹಸುರು ತೋಟವು ಕಡತದಲ್ಲಿ ಒಣನೆಲವಾಯಿತು. ಪುಂಜೆಯನ್ನು ಖುಷ್ಕಿಯೆಂದು ಭಾಷಾಂತರಿಸಿ ಎರಡು ಪಟ್ಟಿಗಳನ್ನು ಕೂಡಿಸಿದವನು ಪದವನ್ನು ಸರಿಯಾಗಿ ತಿಳಿದೂ ಪದಾರ್ಥವನ್ನು ಕಳೆದುಕೊಳ್ಳುವನು.

ಮಳೆಯ ವಿಷಯವೂ ಹೀಗೆಯೇ. ಸೆಂಟೆಂಬುದು ನೆಲಕ್ಕೆ ಎಕರೆಯ ನೂರನೆಯ ಭಾಗ, ಮಳೆಗೆ ಅಂಗುಲದ ನೂರನೆಯ ಭಾಗ. ಕೌಟಿಲ್ಯನು ಅರತ್ನಿಯಗಲದ ಬಾಯಿಯ ಕುಂಡವನ್ನು ಕೋಷ್ಠಾಗಾರದಲ್ಲಿಡಿಸಿ ಮಳೆಯನ್ನು ದ್ರೋಣಗಳಲ್ಲಿ ಎಣಿಸಿದನು. ವರಾಹಮಿಹಿರನು ಹಸ್ತದಗಲದ ಕುಂಡವನ್ನೂ, 50 ಪಲಗಳಿಗೆ ಒಂದು ಆಢಕವೆಂಬುದನ್ನೂ ಹೇಳಿದನು. ಪಾತ್ರೆಯನ್ನು ಹೇಳಿದುದರಿಂದ ಅವರ ಸಂಖ್ಯೆಗಳನ್ನು ಇಂದಿಗೂ ಅಳೆಯಬಹುದು. ಕೃಷಿಪರಾಶರದ ಆಢಕವಾದರೋ ಯೋಜನಗಳಲ್ಲಿ ಹೇಳಿದ ಬೇರೊಂದು ಮಾನ. ಹೆಸರು ಮಾತ್ರ ಸಮಾನ. ಒಕ್ಕಲಿಗರ ಆರಿದ್ರಾ, ಸ್ವಾತಿ ಮಳೆಗಳು ರವಿಯು ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಸಲ್ಲುವ ಹೆಸರುಗಳು. ಅವು ಕಾಲವನ್ನು ತಿಳಿಸುವುವು, ಪರಿಮಾಣವನ್ನಲ್ಲ. ಅಯನಚಲನದಿಂದ ಆ ಕಾಲವೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಸರಿಯುತ್ತಿರುವುದು.

ಭಾರತದಲ್ಲಿ ನೆಲದ ಬಳಕೆಗೆ ಏಕರೂಪದ ಸಂಜ್ಞೆಗಳು 1948ರಲ್ಲಿ ಕೇಂದ್ರ ಸರಕಾರವು ನೇಮಿಸಿದ ಕೃಷಿ ಅಂಕಿ ಅಂಶಗಳ ಸಮನ್ವಯ ಸಮಿತಿಯಿಂದ ಬಂದುವು. ಹಿಂದಿನ ಐದು ವರ್ಗಗಳು ಒಂಬತ್ತಾದುವು. ಹೆಚ್ಚು ಪ್ರಯೋಜನಕರವಾದುದು ಬೀಳಿನ ವಿಭಾಗ: ಆ ವರ್ಷ ಮಾತ್ರ ಉಳದೆ ಬಿಟ್ಟುದು ಚಾಲ್ತಿ ಬೀಳು, ಐದು ವರ್ಷ ಮೀರದುದು ಇತರ ಬೀಳು, ಮೀರಿದುದು ಸಾಗುವಳಿಗೆ ಯೋಗ್ಯವಾದ ಪಾಳು. ಬರದಿಂದ ಬಿಟ್ಟ ಹೊಲಕ್ಕೂ ಒಕ್ಕಲು ಗುಳೆ ಹೋದ ಹೊಲಕ್ಕೂ ಭೇದವು ಕಾಗದದ ಮೇಲೆ ಕಾಣಿಸಲು ಈ ವರ್ಷಸಂಖ್ಯೆಯೊಂದೇ ಆಧಾರ. ಹೀಗಿದ್ದರೂ ನೀರಿನ ಮೂಲವನ್ನು ಒಂಬತ್ತು ವರ್ಗಗಳಲ್ಲಿ ಯಾವುದೂ ಹೇಳದು. ಕೊಳ್ಳೇಗಾಲದ 1956ಕ್ಕೆ ಹಿಂದಿನ ಪುಂಜೆಯ ಅಂಕಿಗಳನ್ನು ಬಳಸುವವರು ಬಾವಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.