ಪೀಣ್ಯದ ಶೆಡ್‌ನಲ್ಲಿ ತಿರುಗಿದ ಲೆಕ್ಕ (ನಮ್ಮೇರಿಯಾ ಇತಿಹಾಸ, ಭಾಗ 6)

ಫಸ್ಟ್ ಪಿಯು ಸೈನ್ಸ್ ತಗೊಂಡವರೆಲ್ಲ ಪ್ರತಿ ವರ್ಷ ಒಂದೇ ಚಾಪ್ಟರ್ ಹತ್ರ ಬಂದು ನಿಲ್ತಾರೆ: ರೊಟೇಶನಲ್ ಮೋಶನ್. "ಅಕ್ಕಾ, ಈ ಪ್ರಾಬ್ಲಂ ಹೇಳ್ಕೊಡಿ" ಅಂತ ಮೆಸೇಜ್ ಬರುತ್ತೆ. ನಾನು ಬಿಕಾಂ ಕಣ್ರಪ್ಪಾ! ಆದ್ರೆ ಈ ಲೆಕ್ಕಕ್ಕೆ ಪೀಣ್ಯದಲ್ಲೇ ಒಂದು ಇತಿಹಾಸ ಇದೆ.

1972. ಉಪಗ್ರಹ ನಾವು ಕಟ್ಟೋದು, ರಾಕೆಟ್ ಸೋವಿಯತ್ ಒಕ್ಕೂಟದ್ದು ಅಂತ ಒಪ್ಪಂದ ಆಯ್ತು. ಉಡುಪಿ ಹತ್ರದ ಅದಮಾರಿನ ಯು.ಆರ್. ರಾವ್ ಅವರ ತಂಡ ಕೆಲಸ ಶುರು ಮಾಡಿದ್ದು ಪೀಣ್ಯದ ಇಂಡಸ್ಟ್ರಿಯಲ್ ಶೆಡ್‌ಗಳಲ್ಲಿ. ಭಾರತದಲ್ಲಿ ಅದಕ್ಕೆ ಮುಂಚೆ ಯಾರೂ ಉಪಗ್ರಹ ಕಟ್ಟಿರಲಿಲ್ಲ. ಅಲ್ಲಿ ಬಹುತೇಕ ಎಲ್ಲರೂ ಹೊಸಬರೇ. ಜಾಗ ಸಾಲದೆ ಒಂದು ಶೌಚಾಲಯವನ್ನೇ ಡೇಟಾ ಸ್ವೀಕರಿಸೋ ಕೋಣೆ ಮಾಡ್ಕೊಂಡಿದ್ರಂತೆ.

ಅವರ ಮುಂದಿದ್ದ ಒಂದು ಪ್ರಶ್ನೆ ನಿಮ್ಮ ಹೋಂವರ್ಕ್‌ದೇ. ಆಕಾಶದಲ್ಲಿ ಹಿಡಿಯೋಕೆ ಏನೂ ಇಲ್ಲ, ಉಪಗ್ರಹ ಅಡ್ಡಾದಿಡ್ಡಿ ಹೊರಳದೆ ಇರೋದು ಹೇಗೆ? ಉತ್ತರ ಬುಗುರಿ. ತಿರುಗ್ತಿರೋ ತನಕ ನೆಟ್ಟಗೆ ನಿಲ್ಲುತ್ತೆ. ಆರ್ಯಭಟವನ್ನೂ ಅನಿಲದ ಜೆಟ್‌ಗಳಿಂದ ಹಾಗೇ ತಿರುಗಿಸಿದ್ರು.

ಲೆಕ್ಕ ಮಾಡೋಣ. ತೂಕ 360 ಕೆಜಿ, ಅಗಲ ಸುಮಾರು 1.4 ಮೀಟರ್, 26 ಮುಖ. ಅಂದಾಜಿಗೆ ಘನ ಗೋಳ ಅಂದ್ಕೊಳ್ಳಿ. ಮೊಮೆಂಟ್ ಆಫ್ ಇನರ್ಷಿಯಾ ಐದರಲ್ಲಿ ಎರಡು ಭಾಗ ಗುಣಿಸು 360 ಗುಣಿಸು 0.49, ಅಂದ್ರೆ ಸುಮಾರು 70. ಮುಂದಿನ ಸಂಖ್ಯೆಗಳು ನಾನೇ ಹಾಕಿದ್ದು: ಎದುರುಬದುರು ಎರಡು ಜೆಟ್, ತಲಾ 1 ನ್ಯೂಟನ್. ಟಾರ್ಕ್ 1.4. ನಿಮಿಷಕ್ಕೆ 60 ಸುತ್ತು ಬರೋಕೆ ಐದು ನಿಮಿಷದ ಮೇಲೆ ಸ್ವಲ್ಪ. ಅಷ್ಟು ಚಿಕ್ಕ ತಳ್ಳು ಸಾಕು! ತಡೆಯೋಕೆ ಅಲ್ಲಿ ಗಾಳಿ ಇಲ್ಲದಂತೆ. ಸ್ವಿಚ್ ಆಫ್ ಮಾಡಿದ ಮೇಲೂ ಲೇತ್ ಚಕ್ ತಿರುಗ್ತಾ ಇರೋದನ್ನ ಪೀಣ್ಯದ ಮಕ್ಕಳಿಗೆ ಹೇಳ್ಕೊಡಬೇಕಾ?

ಆದ್ರೆ ಯಾವ ಅಕ್ಷದಲ್ಲಿ ತಿರುಗಿಸೋದು ಅನ್ನೋದೇ ಕಷ್ಟದ ಭಾಗ. ಇದರಲ್ಲಿ ಅಮೆರಿಕದವರೇ ಎಡವಿದ್ರು. 1958ರ ಎಕ್ಸ್‌ಪ್ಲೋರರ್ 1 ಪೆನ್ಸಿಲ್ ಥರ ಉದ್ದ. ಉದ್ದದ ಅಕ್ಷದಲ್ಲಿ ತಿರುಗಬೇಕಿತ್ತು. ಸ್ವಲ್ಪ ಹೊತ್ತಲ್ಲೇ ಲಾಗ ಹಾಕೋಕೆ ಶುರು ಮಾಡ್ತು. ಅದರ ಬಳುಕೋ ಆಂಟೆನಾಗಳು ಶಕ್ತಿ ತಿಂದವು. ಆಂಗ್ಯುಲರ್ ಮೊಮೆಂಟಮ್ ಹಾಗೇ ಇದ್ದು ಶಕ್ತಿ ಮಾತ್ರ ಕಡಿಮೆ ಆದ್ರೆ, ವಸ್ತು ಇನರ್ಷಿಯಾ ಜಾಸ್ತಿ ಇರೋ ಅಕ್ಷಕ್ಕೆ ಜಾರುತ್ತೆ. ನಿಮ್ಮ ಪುಸ್ತಕದ ಎರಡು ಫಾರ್ಮುಲಾ ಪಕ್ಕಪಕ್ಕ ಬರೆದು ನೋಡಿ, ಗೊತ್ತಾಗುತ್ತೆ. ಅದಕ್ಕೇ ಹೀಗೆ ತಿರುಗಿಸೋ ಉಪಗ್ರಹದ ಒಳಗೆ ಪೆಟ್ಟಿಗೆ ಎಲ್ಲಿಡಬೇಕು ಅನ್ನೋದೂ ಭೌತಶಾಸ್ತ್ರವೇ.

1975 ಏಪ್ರಿಲ್ 19, ಸೋವಿಯತ್‌ನ ಕಪುಸ್ತಿನ್ ಯಾರ್‌ನಿಂದ ಹಾರಿತು. ನಾಲ್ಕೈದು ದಿನಕ್ಕೇ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಫೇಲ್ ಅಂತ ಕೆಲವರು ಬರೀತಾರೆ, ನಾನು ಒಪ್ಪಲ್ಲ. ಮುಂದಿನ ಭಾಸ್ಕರ 1979ರಲ್ಲೇ ಹಾರಿತು. ಆರ್ಯಭಟ ಭೂಮಿ ಸುತ್ತುತ್ತಾ ಇದ್ದು ವಾತಾವರಣಕ್ಕೆ ಬಿದ್ದಿದ್ದು 1992ರಲ್ಲಿ.

ಅಜ್ಜಿ ಡಬ್ಬಿಯಲ್ಲಿ ಹಳೇ 2 ರೂಪಾಯಿ ನೋಟಿದ್ರೆ ಹಿಂದೆ ತಿರುಗಿಸಿ ನೋಡಿ, ಆರ್ಯಭಟದ ಚಿತ್ರ ಇರಬಹುದು. ಸಿಕ್ಕಿದ್ರೆ ಫೋಟೋ ಕಳಿಸಿ, ಸ್ಟೋರಿಗೆ ಹಾಕ್ತೀನಿ.

#ಪೀಣ್ಯ #ಆರ್ಯಭಟ #ನಮ್ಮೇರಿಯಾಇತಿಹಾಸ